ದುರ್ಬಲ ಆಮ್ಲ, ಬಫರ್ ದ್ರಾವಣ ಮತ್ತು ಟೈಟ್ರೇಶನ್ ಲೆಕ್ಕಾಚಾರ: ಬ್ಯೂರೆಟ್ಟಿನಿಂದ ರಕ್ತದವರೆಗೆ

ಪ್ರಸ್ತಾವನೆ

ಆಮ್ಲಗಳನ್ನು ಕುರಿತ ವಿವೇಚನೆಯಲ್ಲಿ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಅಗತ್ಯ. ದ್ರಾವಣದಲ್ಲಿ ಒಟ್ಟು ಎಷ್ಟು ಆಮ್ಲವಿದೆ ಎಂಬುದು ಮೊದಲನೆಯದು; ಅದರಿಂದ ಎಷ್ಟು ಹೈಡ್ರೋಜನ್ ಅಯಾನುಗಳು ಬಿಡುಗಡೆಗೊಂಡಿವೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಟೈಟ್ರೇಶನ್ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಪಿಎಚ್. ಪ್ರಬಲ ಆಮ್ಲದ ದುರ್ಬಲ ಸಾರತೆಯ ದ್ರಾವಣಗಳಲ್ಲಿ ಇವೆರಡೂ ಒಂದೇ ಆಗಿರುವುದರಿಂದ ಭೇದ ಕಾಣಿಸದು. ದುರ್ಬಲ ಆಮ್ಲಗಳಲ್ಲಿ ಅದು ಎದ್ದು ತೋರುತ್ತದೆ. ಈ ಭೇದವನ್ನು ಮರೆತರೆ ಪ್ರಯೋಗಶಾಲೆಯಲ್ಲಿ ಅಂಕಿ ತಪ್ಪುತ್ತದೆ. ಆಸ್ಪತ್ರೆಯಲ್ಲಿ ಪ್ರಾಣಕ್ಕೇ ಎರವಾಗಬಹುದು. ಇದನ್ನು ಅಸಿಟಿಕ್ ಆಮ್ಲ ಮತ್ತು ರಕ್ತ ಎಂಬ ಎರಡು ನಿದರ್ಶನಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ದುರ್ಬಲ ಆಮ್ಲದ ಸಮಸ್ಥಿತಿ

ಅಸಿಟಿಕ್ ಆಮ್ಲವು ನೀರಿನಲ್ಲಿ ಭಾಗಶಃ ಮಾತ್ರ ವಿಯೋಜನೆ ಹೊಂದುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ವಿಯೋಜನ ಸ್ಥಿರಾಂಕ ಸುಮಾರು 1.8 × 10⁻⁵. ಇದರ ಋಣ ಲಘುಗಣಕವೇ ಪಿಕೆಎ. ಅದರ ಬೆಲೆ 4.74. ಲೀಟರಿಗೆ 0.1 ಮೋಲ್ ಆಮ್ಲವಿರುವ ದ್ರಾವಣದಲ್ಲಿ ಹೈಡ್ರೋಜನ್ ಅಯಾನಿನ ಸಾರತೆಯು ಸ್ಥಿರಾಂಕ ಹಾಗೂ ಆಮ್ಲದ ಸಾರತೆಗಳ ಗುಣಲಬ್ಧದ ವರ್ಗಮೂಲಕ್ಕೆ ಹೆಚ್ಚುಕಡಿಮೆ ಸಮ. ಅಂದರೆ 1.34 × 10⁻³, ಪಿಎಚ್ 2.87. ನೂರು ಅಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ ವಿಯೋಜನೆಗೊಂಡಿವೆ. ಉಳಿದವು ಅಗತ್ಯ ಬಿದ್ದಾಗ ಹೊರಬರುವ ಮೀಸಲು ನಿಧಿಯಂತೆ ನಿಂತಿರುತ್ತವೆ.

ಟೈಟ್ರೇಶನ್ನಿನ ನಾಲ್ಕು ಹಂತಗಳು

ಈ ದ್ರಾವಣದ 25 ಮಿ.ಲೀ. ತೆಗೆದುಕೊಂಡು, ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡನ್ನು ಬ್ಯೂರೆಟ್ಟಿನಿಂದ ಸೇರಿಸುತ್ತ ಹೋಗೋಣ. ಆರಂಭಬಿಂದು ಮೊದಲ ಹಂತ. ಎರಡನೆಯ ಹಂತದಲ್ಲಿ ಆಮ್ಲ ಮತ್ತು ಅದರಿಂದ ಉಂಟಾದ ಅಸಿಟೇಟ್ ಎರಡೂ ಇರುತ್ತವೆ. ಇಲ್ಲಿ ಪಿಎಚ್ ಎಂದರೆ ಪಿಕೆಎಗೆ, ಅಸಿಟೇಟ್ ಮತ್ತು ಆಮ್ಲಗಳ ಅನುಪಾತದ ಲಘುಗಣಕವನ್ನು ಕೂಡಿಸಿದ ಮೊತ್ತ. 10 ಮಿ.ಲೀ. ಸೇರಿದಾಗ ಅನುಪಾತ 10:15, ಪಿಎಚ್ 4.57. 12.5 ಮಿ.ಲೀ.ಗೆ ಅನುಪಾತ ಒಂದು. ಅದರ ಲಘುಗಣಕ ಸೊನ್ನೆ. ಪಿಎಚ್ ಪಿಕೆಎಗೆ ಸಮ. ಅಪರಿಚಿತ ದುರ್ಬಲ ಆಮ್ಲವೊಂದರ ಸ್ಥಿರಾಂಕವನ್ನು ಕಂಡುಹಿಡಿಯಲು ಈ ಅರ್ಧಬಿಂದುವೇ ಸುಲಭೋಪಾಯ.

24 ಮಿ.ಲೀ.ಗೆ ಪಿಎಚ್ 6.12. ಮೂರನೆಯ ಹಂತವಾದ ಸಮಾನಬಿಂದುವಿನಲ್ಲಿ, ಎಂದರೆ 25 ಮಿ.ಲೀ.ಗೆ, ಆಮ್ಲವೆಲ್ಲ ಅಸಿಟೇಟ್ ಆಗಿರುತ್ತದೆ. ಅಸಿಟೇಟ್ ಸ್ವತಃ ದುರ್ಬಲ ಪ್ರತ್ಯಾಮ್ಲವಾದುದರಿಂದ ಪಿಎಚ್ 7 ಅಲ್ಲ, 8.72. ಒಂದು ಮಿ.ಲೀ. ಹೆಚ್ಚಾದರೆ ನಾಲ್ಕನೆಯ ಹಂತ. ಮಿಕ್ಕ ಕ್ಷಾರದಿಂದಲೇ ಪಿಎಚ್ 11.29ಕ್ಕೆ ಜಿಗಿಯುತ್ತದೆ.

ಸೂಚಕದ ಆಯ್ಕೆಗೆ ಆಧಾರ ಇದೇ. ಫಿನಾಲ್ಫ್ತಲೀನ್ 8.2ರಿಂದ 10ರ ನಡುವೆ ಬಣ್ಣ ತಳೆಯುವುದರಿಂದ ಇಲ್ಲಿ ತಕ್ಕುದು. ಮೀಥೈಲ್ ಆರೆಂಜ್ 3.1ರಿಂದ 4.4ರ ನಡುವೆ ಬಣ್ಣ ಬದಲಿಸುತ್ತದೆ. ಅದನ್ನು ಬಳಸಿದರೆ 8 ಮಿ.ಲೀ. ಸೇರುವ ಮೊದಲೇ ಬದಲಾವಣೆ ಪೂರ್ಣಗೊಂಡು, ಆಮ್ಲದ ಮೂರನೆಯ ಎರಡು ಭಾಗ ಲೆಕ್ಕಕ್ಕೇ ಸಿಗದೆ ಉಳಿಯುತ್ತದೆ.

ಬಫರ್ ಗುಣ

ಲೀಟರಿನಲ್ಲಿ ಆಮ್ಲ ಮತ್ತು ಅಸಿಟೇಟ್ ತಲಾ 0.1 ಮೋಲ್ ಇರುವ ದ್ರಾವಣಕ್ಕೆ 0.01 ಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಅನುಪಾತ 0.09:0.11 ಆಗುತ್ತದೆ. ಪಿಎಚ್ 4.74ರಿಂದ 4.66ಕ್ಕೆ ಇಳಿಯುತ್ತದೆ, ಅಷ್ಟೆ. ಅದೇ ಆಮ್ಲವನ್ನು ಶುದ್ಧ ನೀರಿಗೆ ಸೇರಿಸಿದರೆ ಪಿಎಚ್ 7ರಿಂದ 2ಕ್ಕೆ ಕುಸಿಯುತ್ತದೆ. ಈ ತಡೆಯುವ ಶಕ್ತಿಯು ಅನುಪಾತ ಒಂದಾಗಿರುವಲ್ಲಿ ಗರಿಷ್ಠ. ಪಿಕೆಎಯಿಂದ ಒಂದು ಮಾನದಷ್ಟು ಆಚೀಚೆ ಸರಿದರೆ ಬಹುಮಟ್ಟಿಗೆ ಕುಗ್ಗುತ್ತದೆ.

ರಕ್ತದ ಸಮಸ್ಯೆ

ಅಮೆರಿಕದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಕಾರ್ಬೊನಿಕ್ ಆಮ್ಲ ಮತ್ತು ಬೈಕಾರ್ಬೊನೇಟ್ ಜೋಡಿಯ ಸಮೀಕರಣವನ್ನು ನಿರೂಪಿಸಿದನು. ಮರುವರ್ಷ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಪಿಎಚ್ ಮಾನವನ್ನು ರೂಪಿಸಿದನು. 1916ರಲ್ಲಿ ಹ್ಯಾಸಲ್‌ಬಾಕ್ ಇವೆರಡನ್ನೂ ಬೆಸೆದು ಸಮೀಕರಣಕ್ಕೆ ಲಘುಗಣಕ ರೂಪ ಕೊಟ್ಟನು.

ರಕ್ತದಲ್ಲಿ ಈ ಜೋಡಿಯ ಪಿಕೆಎ 6.1. ಲೀಟರಿಗೆ ಬೈಕಾರ್ಬೊನೇಟ್ 24 ಮಿಲಿಮೋಲ್, ಕರಗಿದ ಇಂಗಾಲದ ಡೈಆಕ್ಸೈಡ್ 1.2 ಮಿಲಿಮೋಲ್, ಅನುಪಾತ 20, ಪಿಎಚ್ 7.4. ಪಿಕೆಎಯಿಂದ ಇಷ್ಟು ದೂರದಲ್ಲಿರುವ ಜೋಡಿ ಉತ್ತಮ ಬಫರ್ ಆಗುವುದು ಹೇಗೆ? ಮುಚ್ಚಿದ ಪಾತ್ರೆಯಲ್ಲಾದರೆ ಆಗದು. 12 ಮಿಲಿಮೋಲ್ ಪ್ರಬಲ ಆಮ್ಲ ಸೇರಿದರೆ ಬೈಕಾರ್ಬೊನೇಟ್ 12ಕ್ಕೆ ಇಳಿದು, ಡೈಆಕ್ಸೈಡ್ 13.2ಕ್ಕೆ ಏರಿ, ಪಿಎಚ್ 6.06 ಆಗುತ್ತದೆ. ಆದರೆ ಶ್ವಾಸಕೋಶವು ಹೆಚ್ಚಿನ ಡೈಆಕ್ಸೈಡನ್ನು ಹೊರಹಾಕಿ ಅದನ್ನು 1.2ರಲ್ಲೇ ಉಳಿಸಿದರೆ ಪಿಎಚ್ 7.1. ರಕ್ತದ ಈ ಬಫರಿನ ಬಲವಿರುವುದು ಅದು ತೆರೆದ ವ್ಯವಸ್ಥೆಯಾಗಿರುವುದರಲ್ಲಿ.

ಉಸಿರಾಟ ಕುಂದಿದರೆ ಏನಾಗುತ್ತದೆ ಎಂಬುದನ್ನು 1952ರಲ್ಲಿ ಕೋಪನ್‌ಹೇಗನ್ನಿನ ಪೋಲಿಯೊ ಪಿಡುಗು ತೋರಿಸಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳ ನೆರವು ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ಮೃತಪಟ್ಟರು. ಅವರ ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಅಧಿಕವಾಗಿತ್ತು. ಅದರ ಬಹುಭಾಗ ಬೈಕಾರ್ಬೊನೇಟ್ ಆದುದರಿಂದ ಅದನ್ನು ಕ್ಷಾರಾಧಿಕ್ಯವೆಂದು ಭಾವಿಸಲಾಗಿತ್ತು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಇದು ಉಸಿರು ಸಾಲದೆ ಡೈಆಕ್ಸೈಡ್ ಶೇಖರಗೊಂಡುದರ ಫಲವೆಂದು ವಾದಿಸಿದರು. ಶ್ವಾಸನಾಳಕ್ಕೆ ನಳಿಕೆಯಿಟ್ಟು ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡುವ ಕ್ರಮವನ್ನು ಆಗಸ್ಟಿನಲ್ಲಿ ಒಬ್ಬ ಬಾಲಕಿಯ ಮೇಲೆ ಅನುಸರಿಸಿದರು, ಅವಳು ಬದುಕಿದಳು. ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಂತೆ ಈ ಕಾರ್ಯವನ್ನು ನಿರ್ವಹಿಸಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು.

ಭ್ರಮೆಗೆ ಕಾರಣವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಬೈಕಾರ್ಬೊನೇಟ್ 36 ಮಿಲಿಮೋಲ್ ಇರಲಿ. ಕರಗಿದ ಡೈಆಕ್ಸೈಡ್ 1.2 ಆದರೆ ಅನುಪಾತ 30, ಪಿಎಚ್ 7.58, ಇದು ಕ್ಷಾರಾಧಿಕ್ಯ. ಡೈಆಕ್ಸೈಡ್ 3 ಆದರೆ ಅನುಪಾತ 12, ಪಿಎಚ್ 7.18, ಇದು ತೀವ್ರ ಆಮ್ಲಾಧಿಕ್ಯ. ಬೈಕಾರ್ಬೊನೇಟಿನ ಅಂಕಿ ಒಂದೇ ಆದರೂ ನಿದಾನಗಳು ಪರಸ್ಪರ ವಿರುದ್ಧ.

ಉಪಸಂಹಾರ

ಒಟ್ಟು ಪ್ರಮಾಣವನ್ನು ಅರಿತ ಮಾತ್ರಕ್ಕೆ ಪಿಎಚ್ ತಿಳಿಯದು. ಪಿಎಚ್ ಒಂದರಿಂದಲೇ ಒಟ್ಟು ಪ್ರಮಾಣವೂ ತಿಳಿಯದು. ಎರಡನ್ನೂ ಬೆಸೆಯುವುದು ಅನುಪಾತ. ಪದವಿ ತರಗತಿಯಲ್ಲಿ ಈ ಸಮೀಕರಣವನ್ನು ಬರಿಯ ಸೂತ್ರವಾಗಿ ಕಂಠಪಾಠ ಮಾಡಿಸುವ ಬದಲು, ಬ್ಯೂರೆಟ್ಟಿನ ಓದಿನೊಡನೆ ರಕ್ತದ ಈ ಲೆಕ್ಕವನ್ನೂ ಜೊತೆಗಿಟ್ಟು ಕಲಿಸಿದರೆ, ಅದರ ಅರ್ಥ ವಿದ್ಯಾರ್ಥಿಗಳಿಗೆ ಹೆಚ್ಚು ಸ್ಪಷ್ಟವಾದೀತು.