ಕೊಲೆಸ್ಟರಾಲ್ ಮಾತ್ರೆಯೊಂದಿಗೆ ಗಿಡಮೂಲಿಕೆ: ಸೇವಿಸುವ ಮುನ್ನ ತಿಳಿದಿರಬೇಕಾದದ್ದು

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಹಿರಿಯರು ಕೊಲೆಸ್ಟರಾಲ್ ಇಳಿಸುವ ಮಾತ್ರೆಯನ್ನು ನಿತ್ಯವೂ ಸೇವಿಸುತ್ತಾರೆ. ಅದೇ ಕಪಾಟಿನಲ್ಲಿ ಊರಿನಿಂದ ಬಂದ ಚೂರ್ಣ, ಬಂಧುಗಳು ಸೂಚಿಸಿದ ಗುಗ್ಗುಳದ ಗುಳಿಗೆ, ಬೆಳ್ಳುಳ್ಳಿಯ ಕ್ಯಾಪ್ಸೂಲ್‌ಗಳೂ ಇರುತ್ತವೆ. ಗಿಡಮೂಲಿಕೆಯಿಂದ ಹಾನಿಯೇನು ಎಂಬ ನಂಬಿಕೆಯಿಂದ ಎರಡನ್ನೂ ಒಟ್ಟಿಗೆ ಸೇವಿಸುತ್ತೇವೆ. ವೈದ್ಯರಿಗೆ ಮಾತ್ರ ಹೇಳುವುದಿಲ್ಲ. ಈ ಮೌನವೇ ಕೆಲವೊಮ್ಮೆ ಅಪಾಯಕ್ಕೆ ದಾರಿಯಾಗುತ್ತದೆ.

ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ಮೊದಲಾದ ಮಾತ್ರೆಗಳು ಸ್ಟ್ಯಾಟಿನ್ ವರ್ಗಕ್ಕೆ ಸೇರಿದವು. ಯಕೃತ್ತಿನಲ್ಲಿ ಕೊಲೆಸ್ಟರಾಲ್ ಉತ್ಪತ್ತಿಗೆ ಬೇಕಾದ ಕಿಣ್ವವೊಂದನ್ನು ಇವು ತಡೆಯುತ್ತವೆ. ಇವುಗಳ ಮೂಲವೂ ನಿಸರ್ಗವೇ ಎಂಬುದು ಗಮನಾರ್ಹ. 1970ರ ದಶಕದಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು ಇಂಥ ಮೊದಲ ವಸ್ತುವನ್ನು ಶಿಲೀಂಧ್ರವೊಂದರಲ್ಲಿ ಕಂಡುಹಿಡಿದರು. ನೈಸರ್ಗಿಕ ಪೂರಕವೆಂದು ಮಾರಾಟವಾಗುವ ಚೀನಾ ಮೂಲದ ಕೆಂಪು ಯೀಸ್ಟ್ ಅಕ್ಕಿಯಲ್ಲಿರುವ ಮೊನಾಕೊಲಿನ್-ಕೆ, 1987ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾನ್ಯತೆ ಪಡೆದ ಲೊವಾಸ್ಟ್ಯಾಟಿನ್‌ಗಿಂತ ಬೇರೆಯಲ್ಲ. ಆದುದರಿಂದ ಸ್ಟ್ಯಾಟಿನ್ ಮಾತ್ರೆಯೊಡನೆ ಇದನ್ನೂ ಸೇವಿಸಿದರೆ ಎರಡು ಸ್ಟ್ಯಾಟಿನ್‌ಗಳನ್ನು ನುಂಗಿದಂತೆಯೇ. ಐರೋಪ್ಯ ಒಕ್ಕೂಟವು 2022ರಲ್ಲಿ ಪೂರಕಗಳಲ್ಲಿ ಮೊನಾಕೊಲಿನ್ ಪ್ರಮಾಣ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆಯಿರಬೇಕೆಂದು ವಿಧಿಸಿತು.

ಇನ್ನು ಕೆಲವು ಪದಾರ್ಥಗಳು ಔಷಧವನ್ನು ಒಡೆಯುವ ಕಿಣ್ವದ ಮೇಲೆ ಪ್ರಭಾವ ಬೀರುತ್ತವೆ. ಗ್ರೇಪ್‌ಫ್ರೂಟ್ ರಸವು ಕರುಳಿನಲ್ಲಿ ಆ ಕಿಣ್ವವನ್ನು ತಡೆಯುವುದರಿಂದ ಸಿಮ್ವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್‌ಗಳ ಅಂಶ ರಕ್ತದಲ್ಲಿ ಏರುತ್ತದೆ. ದೇವನಹಳ್ಳಿಯ ಚಕ್ಕೋತವು ಇದರ ಹತ್ತಿರದ ಬಂಧುವಾದುದರಿಂದ ಅದರ ವಿಷಯದಲ್ಲೂ ವೈದ್ಯರನ್ನು ಕೇಳುವುದು ಲೇಸು. ಇದಕ್ಕೆ ವ್ಯತಿರಿಕ್ತವಾಗಿ, ಮನಸ್ಸಿನ ಬೇಸರಕ್ಕೆಂದು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು ಸಿಮ್ವಾಸ್ಟ್ಯಾಟಿನ್‌ನ ಪರಿಣಾಮವನ್ನು ಕುಗ್ಗಿಸುತ್ತದೆ.

ಗುಗ್ಗುಳಕ್ಕೆ ಆಯುರ್ವೇದದಲ್ಲಿ ಹಿರಿದಾದ ಸ್ಥಾನವಿದೆ. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಎಂಟು ವಾರಗಳ ಪರೀಕ್ಷೆಯೊಂದರಲ್ಲಿ ಅದರ ಸಾರವು ಕೆಟ್ಟ ಕೊಲೆಸ್ಟರಾಲನ್ನು ಇಳಿಸಲಿಲ್ಲ, ತುಸು ಏರಿಸಿತು. ಕೆಲವರಿಗೆ ಚರ್ಮದಲ್ಲಿ ದದ್ದುಗಳೂ ಎದ್ದವು.

ಸಾರು-ಪಲ್ಯಗಳಿಗೆ ಹಾಕುವ ಬೆಳ್ಳುಳ್ಳಿ, ಅರಿಶಿನಗಳಿಗೆ ಸಾಮಾನ್ಯವಾಗಿ ಅಂಜಬೇಕಾಗಿಲ್ಲ. ಸಾಂದ್ರೀಕರಿಸಿದ ಕ್ಯಾಪ್ಸೂಲಿನ ಮಾತು ಬೇರೆ. ಹೃದ್ರೋಗಿಗಳು ಸ್ಟ್ಯಾಟಿನ್ ಜೊತೆಗೆ ಆಸ್ಪಿರಿನ್ ಸೇವಿಸುತ್ತಿದ್ದರೆ ಬೆಳ್ಳುಳ್ಳಿ ಕ್ಯಾಪ್ಸೂಲಿನಿಂದ ರಕ್ತಸ್ರಾವದ ಸಂಭವ ಹೆಚ್ಚಬಹುದು. ಅರಿಶಿನದ ಸಾರದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ.

ಕಾರಣವಿಲ್ಲದೆ ಸ್ನಾಯುಗಳಲ್ಲಿ ನೋವು ಅಥವಾ ನಿಶ್ಶಕ್ತಿ, ಚಹಾ ಡಿಕಾಕ್ಷನ್‌ನಂಥ ಕಡುಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು, ಇವು ಎಚ್ಚರಿಕೆಯ ಲಕ್ಷಣಗಳು. ಅಪರೂಪವಾಗಿ ಸ್ನಾಯುಕೋಶಗಳು ಒಡೆದು ಮೂತ್ರಪಿಂಡಗಳಿಗೆ ಧಕ್ಕೆಯಾಗುವುದುಂಟು. ಹೀಗಾದಾಗ ತಡಮಾಡದೆ ವೈದ್ಯರನ್ನು ಕಾಣಬೇಕು. ರಕ್ತಪರೀಕ್ಷೆಯಿಂದ ವಿಷಯ ಸ್ಪಷ್ಟವಾಗುತ್ತದೆ.

ಹಾಗೆಂದು ಇದನ್ನು ಓದಿ ಯಾರೂ ಸ್ಟ್ಯಾಟಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯಾಘಾತ, ಪಾರ್ಶ್ವವಾಯುಗಳ ಸಂಭವವನ್ನು ಅದು ತಗ್ಗಿಸುತ್ತದೆ. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಚೂರ್ಣ, ಲೇಹ್ಯಗಳ ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಹಿರಿಯರಿಗೆ ಅಲ್ಲಿನ ಭಾಷೆ ತೊಡಕಾದರೆ ಮನೆಯ ಕಿರಿಯರು ಜೊತೆಗಿದ್ದು ವಿವರಿಸಲಿ. ಆಯುರ್ವೇದ ವೈದ್ಯರಿಗೂ ಸ್ಟ್ಯಾಟಿನ್ ಸೇವಿಸುತ್ತಿರುವ ವಿಷಯವನ್ನು ತಿಳಿಸತಕ್ಕದ್ದು. ಎರಡೂ ಕಡೆಗೆ ಪೂರ್ಣ ವಿಷಯ ತಿಳಿದಿದ್ದಾಗಲೇ ಚಿಕಿತ್ಸೆ ಸುರಕ್ಷಿತವಾಗುತ್ತದೆಂಬುದು ನಮ್ಮ ವಿನಮ್ರ ಅಭಿಪ್ರಾಯ.