ಹಸಿರು ಶಾಲು, ನೀಲಿ ಶಾಲು, ಕೂಲಿಯ ಲೆಕ್ಕ

ನಮ್ಮ ಹೊನ್ನಾವರದ ಗದ್ದೆಬಯಲಿಂದಲೇ ಮಾತು ಶುರು ಮಾಡೋಣ. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಹಕ್ಕೇ ಇಲ್ಲದೆ ಅದೇ ಗದ್ದೆಯಲ್ಲಿ ದುಡಿದ ದಲಿತ ಕೂಲಿಯವರಿಗೆ ಆ ಗದ್ದೆ ಬರಲಿಲ್ಲ. ಉಳುವವನೇ ಒಡೆಯ ಅಂದರು. ನಾಟಿ ಮಾಡಿದವಳು ಯಾರು?

ಈ ಬಿರುಕನ್ನು ಕಣ್ಣಮುಂದಿಟ್ಟುಕೊಂಡೇ ಸರ್ವೋದಯ ಕರ್ನಾಟಕ ಪಕ್ಷದ ಏಳುಬೀಳನ್ನು ನೋಡಬೇಕು. 2005ರಲ್ಲಿ ರೈತಸಂಘದವರೂ ದಲಿತ ಸಂಘರ್ಷ ಸಮಿತಿಯ ಗೆಳೆಯರೂ ಕೂಡಿ ಇದನ್ನು ಕಟ್ಟಿದರು. ದೇವನೂರ ಮಹಾದೇವ ಮುಂದೆ ನಿಂತರು. ಎರಡು ಶಾಲು ಒಂದೇ ವೇದಿಕೆಗೆ ಬಂದದ್ದು ಸಣ್ಣ ಮಾತಲ್ಲ. ಆದರೆ 2013ರಲ್ಲಿ ಗೆದ್ದದ್ದು ಮೇಲುಕೋಟೆಯ ಕೆ.ಎಸ್. ಪುಟ್ಟಣ್ಣಯ್ಯ ಒಬ್ಬರೇ. 2017ರಲ್ಲಿ ಪಕ್ಷ ಸ್ವರಾಜ್ ಇಂಡಿಯಾದೊಳಗೆ ಸೇರಿತು. 2018ರಲ್ಲಿ ಪುಟ್ಟಣ್ಣಯ್ಯ ತೀರಿಕೊಂಡರು. 2023ರಲ್ಲಿ ಅವರ ಮಗ ದರ್ಶನ್ ಮತ್ತೆ ಸರ್ವೋದಯದ ಹೆಸರಲ್ಲಿ ಅದೇ ಕ್ಷೇತ್ರ ಗೆದ್ದರು, ಕಾಂಗ್ರೆಸ್ ಬೆಂಬಲದಿಂದ.

ಹಣಬಲ, ಜಾತಿಬಲ ಸೋಲಿಸಿತು ಅನ್ನುವುದು ಸುಳ್ಳಲ್ಲ. ಆದರೆ ಬೆಳೆಗೆ ಬೆಲೆ ಕೇಳುವವನೂ ಕೂಲಿ ಹೆಚ್ಚಿಸಿ ಅನ್ನುವವಳೂ ಬಯಲಲ್ಲಿ ಎದುರುಬದುರು ನಿಲ್ಲುತ್ತಾರೆ. ವೇದಿಕೆಯ ಗೆಳೆತನ ಅಲ್ಲಿಗಿಳಿಯದಿದ್ದರೆ ಮೈತ್ರಿ ಬರೀ ಶಾಲುಗಳದ್ದು. ಸಂಗಾತಿಗಳೇ, ಮತ್ತೆ ಒಂದಾಗುವ ಮೊದಲು ಕೂಲಿಯ ಲೆಕ್ಕ, ಭೂಮಿಯ ಲೆಕ್ಕ ಮಾತಾಡಿಕೊಳ್ಳೋಣ.