17 ಮಿಲಿಮೀಟರ್ ಎತ್ತರದಿಂದ ಕಾಣುವ ಬಜಪೆ

ದೊಡ್ಡ ಯೋಜನೆ ಯಾವುದೇ ಇರಲಿ, ನೆಲಕ್ಕೆ ಇಳಿಯುವ ಮೊದಲು ಅದು ಒಂದು ಗಾಜಿನ ಪೆಟ್ಟಿಗೆಯೊಳಗೆ ಹುಟ್ಟುತ್ತದೆ. ಹಸಿರು ಸ್ಪಂಜಿನ ಮರಗಳು, ಬೂದು ಬಣ್ಣದ ರಸ್ತೆ, ಬಿಳಿ ಕಟ್ಟಡಗಳು, ಅಲ್ಲೊಂದು ಇಲ್ಲೊಂದು ಕಾರು. ಧೂಳಿಲ್ಲ, ಚರಂಡಿ ಇಲ್ಲ, ಮುಖ್ಯವಾಗಿ ಜನ ಇಲ್ಲ. ಇಂಜಿನಿಯರಿಂಗ್ ಓದುವಾಗ ಇಂಥ ಮಾದರಿಗಳನ್ನು ನಾವೂ ಮಾಡಿ ಅಂಕ ತಗೊಂಡವರೇ. ಮಂತ್ರಿಗಳು ಬಗ್ಗಿ ನೋಡಿ ತಲೆಯಾಡಿಸುವುದು, ಪತ್ರಿಕೆಯಲ್ಲಿ ಫೋಟೊ ಬರುವುದು, ಎಲ್ಲವೂ ಇಂಥದ್ದೇ ಪೆಟ್ಟಿಗೆಯ ಸುತ್ತ.

ಮಾದರಿ ಮಾಡುವ ಇನ್ನೊಂದು ಲೋಕ ಇದೆ. ಅಲ್ಲಿ ಕೊಳೆಯೇ ಕಲೆ. ಅದು ಮಾದರಿ ರೈಲಿನ ಹವ್ಯಾಸ. ಹೊರಗಿನಿಂದ ನೋಡುವವರಿಗೆ ದೊಡ್ಡವರ ಆಟಿಕೆ ಅನ್ನಿಸ್ತದೆ. ಆದರೆ ಗಂಭೀರವಾಗಿ ತೊಡಗಿದವರು ಎಂಜಿನ್‌ಗಿಂತ ಹೆಚ್ಚು ಹೊತ್ತನ್ನು ಹಳಿಯ ಪಕ್ಕದ ಒಂದಡಿ ನೆಲಕ್ಕೆ ಕೊಡ್ತಾರೆ. ಪಾಚಿ ಹಿಡಿದ ಗೋಡೆ, ಒಣಗಲು ಹಾಕಿದ ಬಟ್ಟೆ, ಬಸ್ಸಿಗೆ ಕಾಯುವ ಹೆಂಗಸು, ತುಕ್ಕು ಹಿಡಿದ ತಗಡು. ಆಮೇಲೆ ಅದನ್ನು ನಿಜ ಅನ್ನಿಸುವ ಹಾಗೆ ಫೋಟೊ ತೆಗೀತಾರೆ. ಕೆಲವು ತಿಂಗಳಿಂದ ಬಜಪೆಯ ಮನೆಯ ಒಂದು ಕೋಣೆಯಲ್ಲಿ ನಾನೂ ಇದೇ ಕೆಲಸದಲ್ಲಿದ್ದೇನೆ. ಇದನ್ನು ಹೇಗೆ ಮಾಡ್ತಾರೆ, ರಾಜಕೀಯದಲ್ಲಿ ಆಸಕ್ತಿ ಇರುವ ನಮಗೆ ಇದರಿಂದ ಏನು ಸಿಗ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯ ಹೆಸರು ಎಚ್‌ಒ. ಅಂದರೆ 1:87. ನಿಜವಾದ 87 ಅಡಿ ಮಾದರಿಯಲ್ಲಿ 1 ಅಡಿ. 1.65 ಮೀಟರ್ ಎತ್ತರದ ಮನುಷ್ಯ 19 ಮಿಲಿಮೀಟರ್ ಆಗ್ತಾನೆ. 15 ಮೀಟರಿನ ತೆಂಗಿನ ಮರ 17 ಸೆಂಟಿಮೀಟರ್. ಒಂದು ಕಿಲೋಮೀಟರ್ ಹಳಿಗೆ ಹನ್ನೊಂದೂವರೆ ಮೀಟರ್ ಬೇಕು. ರೋಹಾದಿಂದ ನಮ್ಮ ತೋಕೂರಿನವರೆಗಿನ ಕೊಂಕಣ ರೈಲು ಮಾರ್ಗ ಸುಮಾರು 740 ಕಿ.ಮೀ. ಅದನ್ನು ಈ ಅಳತೆಯಲ್ಲಿ ಪೂರ್ತಿ ಹಾಕಲು ಹೊರಟರೆ ಎಂಟೂವರೆ ಕಿಲೋಮೀಟರ್ ಜಾಗ ಬೇಕು! ಹಾಗಾಗಿ ಪ್ರತಿ ಮಾದರಿಯೂ ಒಂದು ಆಯ್ಕೆ. ಏನನ್ನು ಇಡುವುದು, ಏನನ್ನು ಕುಗ್ಗಿಸುವುದು, ಏನನ್ನು ಬಿಡುವುದು?

ನನ್ನ ಹಲಗೆ 1.2 ಮೀಟರ್ ಉದ್ದ, 60 ಸೆಂ.ಮೀ. ಅಗಲ. ನಿಜದಲ್ಲಿ ಅದು ಸುಮಾರು 104 ಮೀಟರ್ ಉದ್ದ, 52 ಮೀಟರ್ ಅಗಲದ ನೆಲ. ಒಂದು ಗೂಡ್ಸ್ ರೈಲು ಕೂಡ ಪೂರ್ತಿ ಹಿಡಿಸುವುದಿಲ್ಲ. ಆದರೆ ಒಂದು ಮನೆ, ಒಂದು ತೋಡು, ನಾಲ್ಕು ಗದ್ದೆ, ಒಂದು ಹಳಿ ಹಿಡಿಸ್ತದೆ.

ಭಾರತದವರಿಗೆ ಇಲ್ಲೊಂದು ಹೆಚ್ಚುವರಿ ತೊಡಕು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ. 87ರಿಂದ ಭಾಗಿಸಿದರೆ 19.3 ಬರ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಂತರ 16.5 ಮಿ.ಮೀ. ಯಾಕೆಂದರೆ ಅದು 1,435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜಿಗೆ ಮಾಡಿದ್ದು. ನಮ್ಮ ಮೆಟ್ರೋ ಓಡುವುದು ಆ ಗೇಜಿನಲ್ಲಿ, ಕೊಂಕಣ ರೈಲಲ್ಲ. ಹಾಗಾಗಿ ನಮ್ಮ ರೈಲನ್ನು ಆ ಹಳಿಯ ಮೇಲಿಟ್ಟರೆ ಕಾಲು ಸಣ್ಣದಾದ ಹಾಗೆ ಕಾಣ್ತದೆ. ಕೆಲವರು ಒಪ್ಪಿಕೊಂಡು ಮುಂದೆ ಹೋಗ್ತಾರೆ, ಕೆಲವರು ಹಳಿಯನ್ನೇ ಕೈಯಾರೆ ಹಾಕ್ತಾರೆ. ನನ್ನದು ಫೋಟೊಗಾಗಿ ಮಾಡುವ ದೃಶ್ಯ, ರೈಲು ಓಡಬೇಕಾಗಿಲ್ಲ. ಅದಕ್ಕೆ ಹಳಿಗಳನ್ನು ಬಿಡಿಸಿ 19.3ಕ್ಕೆ ಅಂಟಿಸಿದ್ದೇನೆ.

ಯಾವ ಇಸವಿ?

ಜಾಗ ಗೊತ್ತಾದ ಮೇಲೆ ಕೇಳಿಕೊಳ್ಳಬೇಕಾದದ್ದು ಕಾಲ. ಹವ್ಯಾಸಿಗಳು ಇದರಲ್ಲಿ ತುಂಬ ಕಟ್ಟುನಿಟ್ಟು. ಯಾಕೆಂದರೆ ಒಂದೇ ಒಂದು ತಪ್ಪು ಕಂಬ ಇಡೀ ದೃಶ್ಯವನ್ನು ಸುಳ್ಳು ಮಾಡ್ತದೆ.

ನಮ್ಮೂರಿಗೆ ಈ ಪ್ರಶ್ನೆ ಹಾಕಿ ನೋಡಿ. ಬಜಪೆ ಗುಡ್ಡದ ಮೇಲೆ ವಿಮಾನ ನಿಲ್ದಾಣ ಬಂದದ್ದು 1951ರಲ್ಲಿ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದದ್ದು 1974ರಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಮಂಗಳೂರು ವಿಶೇಷ ಆರ್ಥಿಕ ವಲಯದ ಅಧಿಸೂಚನೆ ಬಂದದ್ದು 2007ರಲ್ಲಿ. ಬಜಪೆ, ಪೆರ್ಮುದೆ, ಕಳವಾರು ಸುತ್ತಿನ ಕೃಷಿಭೂಮಿ ಅದಕ್ಕೆ ಹೋಯಿತು. ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದದ್ದು 2022ರಲ್ಲಿ. ಅಂದರೆ 2005ರ ದೃಶ್ಯದಲ್ಲಿ ಡೀಸೆಲ್ ಎಂಜಿನ್ ಮತ್ತು ಖಾಲಿ ಆಕಾಶ. 2023ರದ್ದಾದರೆ ಹಳಿಯುದ್ದಕ್ಕೂ ಕಂಬ, ತಂತಿ. 2005ರಲ್ಲಿ ಕೆಲವೆಡೆ ಗದ್ದೆ ಇಡಬಹುದು. 2015ಕ್ಕೆ ಅದೇ ಜಾಗದಲ್ಲಿ ಕಾಂಪೌಂಡ್ ಗೋಡೆ ಇಡಬೇಕು.

ನಾನು ಎರಡನ್ನೂ ಮಾಡ್ತಿದ್ದೇನೆ. ಹಿಂದಿನ ಗುಡ್ಡ ಮತ್ತು ಹಳಿ ಒಂದೇ, ಎದುರಿನ ನೆಲ ಮಾತ್ರ ಬದಲಿಸಬಹುದಾದ ಎರಡು ತುಂಡು. ಒಂದು 2005ರ ಮಳೆಗಾಲ, ಇನ್ನೊಂದು 2023ರದ್ದು. ಯಾವುದೋ ಒಂದು ಮನೆಯ ನಿಖರ ನಕಲು ಅಲ್ಲ ಇದು. ಬಜಪೆ, ಜೋಕಟ್ಟೆ, ತೋಕೂರು ಸುತ್ತ ಕಾಣುವ ವಿವರಗಳನ್ನು ಒಟ್ಟು ಸೇರಿಸಿದ್ದು. ಕೆಮರಾ ಇಡುವ ಜಾಗಕ್ಕೆ ಗುರುತು ಹಾಕಿದ್ದೇನೆ. ಎರಡೂ ಫೋಟೊ ಅಲ್ಲಿಂದಲೇ.

ಶುರು ಮಾಡುವ ಮೊದಲು ಗದ್ದೆ ಕಳೆದುಕೊಂಡು ಪುನರ್ವಸತಿ ಕಾಲೊನಿಗೆ ಬಂದ ಹಿರಿಯರೊಬ್ಬರ ಹತ್ತಿರ ಕೂತು ನಕ್ಷೆ ಬರೆಸಿಕೊಂಡೆ. ಮನೆಯಿಂದ ಶುರು ಮಾಡುವುದಾ, ಹಳಿಯಿಂದ ಶುರು ಮಾಡುವುದಾ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: "ತೋಡಿನಿಂದ ಶುರು ಮಾಡು ಮಾರಾಯ. ತೋಡು ಸರಿಯಾದ್ರೆ ಗದ್ದೆ ತನ್ನಷ್ಟಕ್ಕೆ ಬರ್ತದೆ." ನಾಲ್ಕು ವರ್ಷದ ಸಿವಿಲ್ ಓದಿನಲ್ಲಿ ಭೂಮಿಯ ಬಗ್ಗೆ ಇಷ್ಟು ಚೊಕ್ಕದಾಗಿ ಹೇಳಿದವರು ನೆನಪಿಗೆ ಬರುತ್ತಿಲ್ಲ. ನೀರು ಹರಿಯುವ ದಾರಿ ಗೊತ್ತಾದರೆ ಕಟ್ಟಪುಣಿ ಎಲ್ಲಿ, ಮನೆ ಯಾಕೆ ಅಷ್ಟು ಎತ್ತರದಲ್ಲಿ, ರೈಲ್ವೆಯವರು ಮೋರಿ ಎಲ್ಲಿ ಇಡಬೇಕು, ಎಲ್ಲ ತಾನಾಗಿ ತಿಳೀತದೆ. ಮೋರಿ ಇಡದಿದ್ದರೆ ಮಣ್ಣಿನ ಏರಿ ಅಣೆಕಟ್ಟಾಗಿ ಮಳೆಗಾಲದಲ್ಲಿ ಯಾರ ಮನೆಗೆ ನೀರು ನುಗ್ತದೆ ಅನ್ನುವುದೂ ತಿಳೀತದೆ.

ಸಾಮಾನು ಊರಿನದ್ದೇ

ವಿದೇಶದ ಕಿಟ್‌ಗಳಲ್ಲಿ ಬರುವ ಹುಲ್ಲು, ಮಣ್ಣು ಯುರೋಪಿನ ಬಣ್ಣದ್ದು. ಇಲ್ಲಿನ ಕೆಂಪು ಅದರಲ್ಲಿ ಸಿಗುವುದಿಲ್ಲ. ಮುರಕಲ್ಲಿನ ತುಂಡು ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಒಮ್ಮೆ, ಬಟ್ಟೆಯಲ್ಲಿ ಒಮ್ಮೆ ಜರಡಿ ಹಿಡಿದರೆ ನೆಲದ ಹುಡಿ ತಯಾರು. ಜಲ್ಲಿಯನ್ನೂ ಹೀಗೇ ಮಾಡಬೇಕು. ಹಳಿಗೆ ಹಾಕುವ 65 ಮಿ.ಮೀ.ನ ಕಲ್ಲು ಈ ಅಳತೆಯಲ್ಲಿ 0.75 ಮಿ.ಮೀ. ಅದಕ್ಕಿಂತ ದೊಡ್ಡದಾದರೆ ಹಳಿಯ ನಡುವೆ ಬಂಡೆ ಬಿದ್ದ ಹಾಗೆ ಕಾಣ್ತದೆ. ಹುಡಿ ಹರಡಿ, ನೀರು ಸೇರಿಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಡ್ರಾಪರ್‌ನಲ್ಲಿ ಬಿಟ್ಟರೆ ಆಯ್ತು. ಸೋಪು ಯಾಕೆ? ನೀರಿನ ಮೇಲ್ಮೈ ಬಿಗಿತ ಕಡಿಮೆಯಾಗಿ ಅಂಟು ಒಳಗೆ ಇಳೀತದೆ, ಇಲ್ಲದಿದ್ದರೆ ಹುಡಿಯ ಮೇಲೆ ಗುಂಡಗೆ ನಿಲ್ತದೆ. ಒಣ ಹುಲ್ಲಿಗೆ ತೆಂಗಿನ ನಾರು, ಬೇಲಿಗೆ ಹಿಡಿಸೂಡಿಯ ಕಡ್ಡಿ. ಹಂಚಿಗೆ ಬಣ್ಣ ಹಚ್ಚಿದ ದಪ್ಪ ಕಾಗದ ಸಾಕು. ಆದರೆ ಎಲ್ಲ ಹಂಚಿಗೂ ಒಂದೇ ಕೆಂಪು ಕೊಡಬೇಡಿ. ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಊರು ಇದು. ಇಲ್ಲಿನ ಮಾಡಿನಲ್ಲಿ ಹಳೆಯದು, ಹೊಸದು, ಪಾಚಿ ಹಿಡಿದದ್ದು ಬೆರೆತೇ ಇರ್ತದೆ.

ಆಮೇಲೆ ಕೊಳೆ ಹಚ್ಚುವುದು. ಕೊಳೆಗೂ ಕಾರಣ ಇರಬೇಕು, ಇದು ಈ ಕಸುಬಿನ ಮೊದಲ ಪಾಠ. ತುಕ್ಕು ಬ್ರೇಕ್ ಹಿಡಿಯುವಲ್ಲಿ ಬರ್ತದೆ, ಪಾಚಿ ನೀರು ಸುರಿಯುವಲ್ಲಿ ಬರ್ತದೆ. ನನ್ನ 2023ರ ತುಂಡಿನಲ್ಲಿ ಬಿಳಿ ಗೋಡೆಯ ಮೇಲೆ ತೆಳುವಾಗಿ ಕಪ್ಪು ಹುಡಿ ಇದೆ. ಎಂಆರ್‌ಪಿಎಲ್‌ನ ಕೋಕ್ ಘಟಕದಿಂದ ಹುಡಿ ಬಂದು ಮನೆ, ಬಾವಿಗಳ ಮೇಲೆ ಕೂರ್ತದೆ ಎಂದು ಜೋಕಟ್ಟೆ ಸುತ್ತಿನ ಜನ ವರ್ಷಗಟ್ಟಲೆ ಹೋರಾಡಿದ್ದನ್ನು ಇಲ್ಲಿನವರು ಮರೆತಿಲ್ಲ. ಬಣ್ಣದ ಬ್ರಷ್ ಹಿಡಿದವನಿಗೆ ಪ್ರಶ್ನೆ ಸರಳ: ಹಚ್ಚುವುದಾ, ಬಿಡುವುದಾ? ಬಿಟ್ಟರೂ ಅದು ಒಂದು ನಿಲುವೇ.

ಬೋರ್ಡುಗಳೂ ಹಾಗೆಯೇ. ತೋಕೂರಿಗೆ ಕೊಂಕಣ ರೈಲ್ವೆಯ ಬೋರ್ಡ್. ಪಕ್ಕದ ಜೋಕಟ್ಟೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಹಾಸನದಿಂದ ಇಳಿದು ಬರುವ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಒಂದೇ ಊರಿನ ಹಳಿಗೆ ಮೂವರು ಯಜಮಾನರು. ಹೊಸ ರೈಲು ಕೇಳಿದರೆ ಯಾರ ಬಾಗಿಲು ಬಡಿಯಬೇಕು ಅನ್ನುವ ಮಂಗಳೂರಿನ ಹಳೆಯ ಜಗಳ ಎರಡು ಸೆಂಟಿಮೀಟರಿನ ಬೋರ್ಡಿನಲ್ಲಿ ಕೂತಿದೆ.

ಕೆಮರಾ ಎಲ್ಲಿಡಬೇಕು?

ಇಡೀ ಕಸುಬಿನ ಗುಟ್ಟು ಇರುವುದು ಇಲ್ಲಿ. ನೆಲದಿಂದ ನಮ್ಮ ಕಣ್ಣಿನ ಎತ್ತರ ಸುಮಾರು 1.5 ಮೀಟರ್ ಅಂತ ಇಟ್ಟುಕೊಳ್ಳಿ. 1:87ರಲ್ಲಿ ಅದು 17 ಮಿಲಿಮೀಟರ್. ಲೆನ್ಸ್ ಆ ಎತ್ತರದಲ್ಲಿದ್ದರೆ ನೋಡುವವರಿಗೆ ತಾವು ಅಲ್ಲೇ ನಿಂತ ಹಾಗೆ ಅನ್ನಿಸ್ತದೆ. ಮೊಬೈಲನ್ನು ತಲೆಕೆಳಗೆ ಹಿಡಿದರೆ ಅದರ ಲೆನ್ಸ್ ನೆಲಕ್ಕೆ ಹತ್ತಿರ ಬರ್ತದೆ, ಅದಕ್ಕೆ ದುಬಾರಿ ಕೆಮರಾ ಬೇಡ.

ಈಗ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರನ್ನು ನೆನಪಿಸಿಕೊಳ್ಳಿ. ಅದೇ ಅಳತೆಯ ಮಾದರಿಯನ್ನು 60 ಸೆಂ.ಮೀ. ಮೇಲಿನಿಂದ ನೋಡಿದರೆ ಅವರ ಕಣ್ಣು ಇರುವುದು 52 ಮೀಟರ್ ಎತ್ತರದಲ್ಲಿ, ಅಂದರೆ ಹದಿನೇಳನೇ ಮಹಡಿಯಲ್ಲಿ. ಯೋಜನೆಯ ಮಾದರಿಗಳ ಅಳತೆ ಸಾಮಾನ್ಯವಾಗಿ ಇದಕ್ಕಿಂತ ಸಣ್ಣದು. 1:1000 ಆದರೆ 600 ಮೀಟರ್! ಅಲ್ಲಿಂದ ಮನೆ ಒಂದು ಚುಕ್ಕಿ, ತೋಡು ಒಂದು ಗೆರೆ. ನೆಲದ ಮೇಲೆ ನಿಂತವನಿಗೆ ಮಾತ್ರ ಕಾಂಪೌಂಡ್ ಗೋಡೆ ಆಕಾಶವನ್ನು ಅರ್ಧ ಮುಚ್ಚಿದ್ದು ಕಾಣ್ತದೆ. ನನ್ನ ಎರಡು ಪರೀಕ್ಷಾ ಫೋಟೊಗಳಲ್ಲಿ ದೊಡ್ಡ ವ್ಯತ್ಯಾಸ ಅದೇ: ಮೊದಲನೆಯದರಲ್ಲಿ ಗದ್ದೆಯಾಚೆ ರೈಲು ಕಾಣ್ತದೆ, ಎರಡನೆಯದರಲ್ಲಿ ರೈಲಿನ ಮೇಲಿನ ತಂತಿ ಮಾತ್ರ.

ಉಳಿದದ್ದು ತಂತ್ರ. ಬೆಳಕು ಒಂದೇ ಕಡೆಯಿಂದ ಬರಬೇಕು, ಸೂರ್ಯ ಒಬ್ಬನೇ ಅಲ್ವಾ? ಎರಡು ಟ್ಯೂಬ್‌ಲೈಟ್ ಎರಡು ನೆರಳು ಕೊಟ್ಟು ಗುಟ್ಟು ಬಿಟ್ಟುಕೊಡ್ತವೆ. ಮಳೆಗಾಲ ಬೇಕಾದರೆ ಬೆಳಕನ್ನು ತೆಳು ಬಿಳಿ ಬಟ್ಟೆಯಲ್ಲಿ ಹಾಯಿಸಿ, ಒದ್ದೆ ಕಾಣಬೇಕಾದಲ್ಲಿ ಹೊಳಪಿನ ವಾರ್ನಿಶ್ ಹಚ್ಚಿ. ಹತ್ತಿರದಿಂದ ತೆಗೆದಾಗ ಮುಂದಿನದ್ದು ಸ್ಪಷ್ಟವಾಗಿ ಹಿಂದಿನದ್ದು ಮಸುಕಾಗ್ತದೆ, ಆಟಿಕೆ ಅಂತ ಗೊತ್ತಾಗುವುದು ಅದರಿಂದಲೇ. ಟ್ರೈಪಾಡ್‌ನಲ್ಲಿ ಮೊಬೈಲ್ ಅಲುಗಾಡದಂತೆ ಇಟ್ಟು, ಮುಂದಿನಿಂದ ಹಿಂದಕ್ಕೆ ಫೋಕಸ್ ಸರಿಸುತ್ತ ಎಂಟು ಹತ್ತು ಫೋಟೊ ತೆಗೆದು ಒಂದಾಗಿ ಸೇರಿಸುವುದು ಇದಕ್ಕೆ ಪರಿಹಾರ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅಂತಾರೆ.

ಫೋಟೊ ಯಾಕೆ ಮುಖ್ಯ ಅನ್ನುವುದಕ್ಕೆ ಈ ಹವ್ಯಾಸದ ಇತಿಹಾಸದಲ್ಲೇ ಉತ್ತರ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಆಲೆನ್ ಎಂಬ ಫೋಟೊಗ್ರಾಫರ್ ಇದ್ದರು. ಮಾದರಿಗಳಿಗೆ ಕೊಳೆ ಹಚ್ಚುವ ಪದ್ಧತಿಯನ್ನು ಜನಪ್ರಿಯ ಮಾಡಿದವರಲ್ಲಿ ಅವರು ಮೊದಲಿಗರು. ತಮ್ಮ ಮನೆಯಲ್ಲಿ ವರ್ಷಗಟ್ಟಲೆ ಒಂದು ಕಾಲ್ಪನಿಕ ರೈಲು ಮಾರ್ಗ ಕಟ್ಟಿದರು. 1973ರ ಜನವರಿಯಲ್ಲಿ ತೀರಿಕೊಂಡರು. ಅದಾದ ಕೆಲವೇ ದಿನಕ್ಕೆ ಬೆಂಕಿ ಬಿದ್ದು ಆ ಮಾದರಿ ಸುಟ್ಟುಹೋಯಿತು. ಇವತ್ತಿಗೂ ಜನ ಅದರಿಂದ ಕಲೀತಿರುವುದು ಅವರು ತೆಗೆದಿಟ್ಟ ಫೋಟೊಗಳಿಂದ.

ಆಟ ಎಲ್ಲಿ ಮುಗೀತದೆ?

ಮಾದರಿಯಲ್ಲಿ ರಾಜಕೀಯ ಹುಡುಕುವುದು ನನ್ನ ಹೊಸ ಸಂಶೋಧನೆ ಏನಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಿಂದ ಮಿನಿಯಾಟುರ್ ವುಂಡರ್‌ಲ್ಯಾಂಡ್ ಎಂಬ ಭಾರೀ ರೈಲು ಮಾದರಿ ಇದೆ, ಅದೂ 1:87. ಅಲ್ಲಿ 2009ರ ಚುನಾವಣೆಯ ಹೊತ್ತಿಗೆ ಸಂಸತ್ತಿನ ಪಕ್ಷಗಳಿಗೆ ತಲಾ ಒಂದು ಚದರ ಮೀಟರ್ ಕೊಟ್ಟು, ನಿಮ್ಮ ಕನಸಿನ ದೇಶವನ್ನು ಕಟ್ಟಿ ತೋರಿಸಿ ಅಂದರು. ಗೋಡೆಯಿಂದ ಇಬ್ಭಾಗವಾದ ಬರ್ಲಿನ್‌ನ ಬದುಕನ್ನು ತೋರಿಸುವ ದೃಶ್ಯಸರಣಿಯೂ ಅಲ್ಲಿದೆ.

ಇದಕ್ಕಿಂತ ನಮಗೆ ಹತ್ತಿರವಾದದ್ದು ಕೆನ್ಯಾದ ಉದಾಹರಣೆ. 2006ರಲ್ಲಿ ಅಲ್ಲಿನ ನೆಸ್ಸುಯಿಟ್‌ನಲ್ಲಿ ಒಗಿಯೆಕ್ ಎಂಬ ಕಾಡಿನ ಸಮುದಾಯದ ಹಿರಿಯರು ಮತ್ತು ಮಕ್ಕಳು ಸೇರಿ ತಮ್ಮ ನೆಲದ ದೊಡ್ಡ ಮಾದರಿ ಮಾಡಿದರು. ಎತ್ತರದ ಗೆರೆಗಳಿರುವ ನಕ್ಷೆಯ ಪ್ರಕಾರ ರಟ್ಟು ಕತ್ತರಿಸಿ ಪದರ ಪದರವಾಗಿ ಅಂಟಿಸುವುದು, ಅದರ ಮೇಲೆ ಹೊಳೆ, ಕಾಡು, ಹಳೆಯ ಜಾಗಗಳನ್ನು ಜನರೇ ಗುರುತಿಸುವುದು ಈ ವಿಧಾನ. ಕಾಗದದ ನಕ್ಷೆ ಓದಲು ಬಾರದ ಅಜ್ಜಿಗೂ ಮಾದರಿಯ ಮೇಲೆ ಬೆರಳಿಟ್ಟು "ನಮ್ಮದು ಇಲ್ಲಿ" ಅನ್ನಲು ಬರ್ತದೆ.

2006ರ ಪರಿಸರ ಅಧಿಸೂಚನೆಯ ಪ್ರಕಾರ ನಮ್ಮಲ್ಲಿ ಹಲವು ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. ನಾನು ವರದಿ ಮಾಡಿದ ಅಂಥ ಸಭೆಗಳಲ್ಲಿ ಮೇಜಿನ ಮೇಲೆ ನೂರಾರು ಪುಟದ ವರದಿ ಇರ್ತದೆ, ಎದುರು ಕುರ್ಚಿಯಲ್ಲಿ ಊರಿನವರು. ಮೈಕ್ ಸಿಕ್ಕಿದವರು ಎರಡು ನಿಮಿಷ ಮಾತಾಡ್ತಾರೆ, ಮುಗೀತು. ಆ ಮೇಜಿನ ಮೇಲೆ ಊರಿನವರೇ ಮಾಡಿದ ಒಂದು ಮಾದರಿ ಇದ್ದರೆ ಕಾನೂನು ಬದಲಾಗಲಿಕ್ಕಿಲ್ಲ. ಆದರೆ ಮಾತು ಬದಲಾಗ್ತದೆ. "ಪರಿಣಾಮ ನಗಣ್ಯ" ಅಂತ ಪುಟದಲ್ಲಿ ಬರೆದಿರುವ ಅಧಿಕಾರಿ ಆ ತೋಡನ್ನು ಎಲ್ಲಿಗೆ ತಿರುಗಿಸ್ತೀರಿ ಅನ್ನುವುದನ್ನು ಬೆರಳಿಟ್ಟು ತೋರಿಸಬೇಕಾಗ್ತದೆ.

ಇದಕ್ಕೆ ಬೇಕಾದದ್ದು ಹಳೆಯ ರಟ್ಟು, ಫೆವಿಕಾಲ್, ಊರಿನ ಮಣ್ಣು, ಕಾಲೇಜಿನ ನಾಲ್ಕು ಮಕ್ಕಳು, ನೆನಪಿರುವ ನಾಲ್ಕು ಹಿರಿಯರು. ಮೊದಲ ಮೂರಕ್ಕೆ ಅವಸರ ಇಲ್ಲ. 2005ರ ಗದ್ದೆ ಎಲ್ಲಿತ್ತು ಎಂದು ಹೇಳಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗ್ತಿದ್ದಾರೆ.